ಅತ್ತರು ವ್ಯಾಪಾರಿಯ ಮೂಗು

"ಗುರುಗಳೇ, ಲೋಬಾನದ ಹೊಗೆ ಏಳುವಾಗ ನನ್ನ ಮನಸ್ಸು ಶಾಂತವಾಗುತ್ತದೆ. ಆ ಶಾಂತಿ ನನ್ನದೋ, ಲೋಬಾನದ್ದೋ?" ಎಂದು ಪರ್ವತಯ್ಯನೆಂಬ ಶಿಷ್ಯ ಕೇಳಿದ.

ಕೇಳುವಾಗ ಅವನು ಹುಬ್ಬು ಬಿಗಿದಿದ್ದ. ಹೊಗೆ ಹಾಕಿ ನಮ್ಮನ್ನೆಲ್ಲ ಮಠದಲ್ಲಿ ಕಟ್ಟಿಹಾಕಿದ್ದಾರೆ ಎಂಬುದು ಅವನ ಗುಮಾನಿ. ಬೆಳಗಾದರೆ ಹೊರಟುಬಿಡುವುದೆಂದು ಬಟ್ಟೆಬರೆ ಗಂಟು ಕಟ್ಟಿಯೂ ಆಗಿತ್ತು. ಗುರುಗಳು ಗಂಟನ್ನು ನೋಡಿದರು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಅತ್ತರು ವ್ಯಾಪಾರಿ ಇದ್ದ. ಗಿರಾಕಿ ಸಿಡುಕುತ್ತ ಬಂದರೆ ಅವನು ವ್ಯಾಪಾರದ ಮಾತೇ ಎತ್ತುತ್ತಿರಲಿಲ್ಲ. ಮೊದಲು ಅವನ ಮುಂಗೈಗೆ ಒಂದಿಷ್ಟು ಲಾವಂಚ ಸವರುತ್ತಿದ್ದ. ಗಿರಾಕಿ ಮೂಸಿ, ನಿಡಿದಾಗಿ ಉಸಿರು ಬಿಟ್ಟು, ಮೆತ್ತಗೆ ಕೂರುತ್ತಿದ್ದ. ದುಃಖದಲ್ಲಿ ಬಂದವರಿಗೆ ಮಲ್ಲಿಗೆ. ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಬಂದರೆ ಕೇದಗೆ. ಮನಸ್ಸಿಗೆ ಮೂಗಿನಲ್ಲೊಂದು ಬಾಗಿಲಿದೆ, ಅದಕ್ಕೆ ಅಗುಳಿ ಇಲ್ಲ ಎಂದು ಅವನು ಚೆನ್ನಾಗಿ ಬಲ್ಲ.

ಬಲ್ಲದ್ದೇ ಅವನಿಗೆ ಮುಳುವಾಯಿತು. ಸಂಜೆ ಹೆಂಡತಿ ಮರುಗ ಮುಡಿದು ಬಡಿಸಲು ಬಂದರೆ ಅವನ ಎದೆ ಕರಗುತ್ತಿತ್ತು. ಕೂಡಲೇ ಸಂಶಯ: ಕರಗಿದ್ದು ಇವಳಿಗೋ, ಮರುಗಕ್ಕೋ? "ನನ್ನ ವಿದ್ಯೆಯನ್ನ ನನ್ನ ಮೇಲೇ ಪ್ರಯೋಗ ಮಾಡ್ತೀಯಾ?" ಎಂದು ಗದರಿದ. ಅವಳು ತಮಾಷೆಯೆಂದುಕೊಂಡು ನಕ್ಕಳು. ತಮಾಷೆಯಲ್ಲವೆಂದು ತಿಳಿದ ಮೇಲೆ ಹೂ ಮುಡಿಯುವುದನ್ನೇ ಬಿಟ್ಟಳು. ಆಗ ಒಗ್ಗರಣೆಯ ಇಂಗು, ಅವಳ ಒದ್ದೆ ಕೂದಲಿನ ಸೀಗೆ, ಇವುಗಳ ಮೇಲೆ ಅವನ ಕಣ್ಣು ಬಿತ್ತು. ಪಾಪ, ಸ್ವಂತ ಹೆಂಡತಿಯನ್ನು ಕಂಡು ಸಂತೋಷಪಡುವುದಕ್ಕೂ ಆ ಮಹಾನುಭಾವನಿಗೆ ಸಾಕ್ಷಿ ಬೇಕಾಗಿತ್ತು.

ಹೀಗಿರುವಾಗ ಅವನಿಗೆ ಕೆಟ್ಟ ನೆಗಡಿ ಹಿಡಿಯಿತು. ಅಂಗಡಿಗೆ ಹೋಗದೆ ಮನೆಯಲ್ಲೇ ಮಲಗಿದ. ಮೂಗು ಕಟ್ಟಿ, ಜಗತ್ತಿನಲ್ಲಿ ವಾಸನೆಯೆಂಬುದೇ ಇಲ್ಲದಂತಾಯಿತು. ನೆಗಡಿ ಇಳಿದ ಬೆಳಿಗ್ಗೆ ಮೂಗು ಬಿಟ್ಟುಕೊಂಡಿತು. ಬಿಟ್ಟುಕೊಂಡೊಡನೆ ದಿಂಬಿನಲ್ಲಿ ಪರಿಚಯವಿಲ್ಲದ ಒಂದು ವಾಸನೆ. ಹೆಂಡತಿಯ ಸೆರಗಿನಲ್ಲೂ ಅದೇ. ಯಾವನೋ ಗಂಡಸು ಬಳಿದುಕೊಂಡ ಅತ್ತರು! ಅಂಗಡಿಗೆ ಓಡಿ ಒಂದೊಂದೇ ಶೀಶೆಯ ಬಿರಡೆ ತೆಗೆದು ಮೂಸಿದ. ಯಾವುದೂ ಅದಲ್ಲ. ಹಾಗಾದರೆ ಅದು ತನ್ನ ಅಂಗಡಿಯದಲ್ಲ, ಹೊರಗಿನವನದು. ಅವನ ಮೈಗೆ ಬೆಂಕಿ ಹತ್ತಿದಂತಾಯಿತು.

ಮನೆಗೆ ವಾಪಸು ಬಂದು, "ಯಾರು ಬಂದಿದ್ದ ಮನೆಗೆ?" ಎಂದು ಕೇಳಿದ.

ಹೆಂಡತಿ ಸೆರಗನ್ನು ಮೂಸಿ ನೋಡಿದಳು. "ಇದು ನಿಮ್ಮದೇ ವಾಸನೆ ಕಣ್ರೀ. ನಾನು ಮದುವೆಯಾಗಿ ಬಂದಾಗಿನಿಂದ ನೀವು ಹೀಗೇ ಇದ್ದೀರಿ."

"ಅತ್ತರು ಮಾರೋನಿಗೆ ವಾಸನೆ ಹೇಳಿಕೊಡ್ತೀಯಾ?"

ಅವಳು ಹೇಳಿದ್ದು ನಿಜ. ದಿನವಿಡೀ ಶೀಶೆಗಳ ನಡುವೆ ಕೂತವನ ಮೈಗೆ ಎಲ್ಲ ಅತ್ತರೂ ಬೆರೆತು ಬೇರೆಯೇ ಒಂದು ವಾಸನೆ ಅಂಟಿಕೊಳ್ಳುತ್ತದೆ. ಅದರಲ್ಲೇ ನೆನೆದ ಮೂಗಿಗೆ ಅದು ಗೊತ್ತಾಗುವುದಿಲ್ಲ. ಇಡೀ ಪೇಟೆ ಬಲ್ಲ ಆ ವಾಸನೆ, ನೆಗಡಿಯಲ್ಲಿ ಅಭ್ಯಾಸ ತಪ್ಪಿದ ಅವನ ಮೂಗೊಂದಕ್ಕೆ ಹೊಸದು. ಆದರೆ ಅವನ ಮುಖ ನೋಡಿದ ಮೇಲೆ ಅವಳಿಗೆ ಇನ್ನೊಮ್ಮೆ ಹೇಳಬೇಕೆನಿಸಲಿಲ್ಲ. ಅಳುತ್ತಲೇ ತವರಿನ ದಾರಿ ಹಿಡಿದಳು.

ವ್ಯಾಪಾರಿ ಮನೆಗೂ ಅಂಗಡಿಗೂ ಬೀಗ ಹಾಕಿ ಆ ಗಂಡಸನ್ನು ಹುಡುಕಿಕೊಂಡು ಹೊರಟ. ಸಂತೆಗಳಲ್ಲಿ ಕಂಡಕಂಡವರ ಹೆಗಲು ಮೂಸಿ ಬೈಸಿಕೊಂಡ. ಛತ್ರದಲ್ಲಿ ಮಲಗಿ ಎದ್ದರೆ ಚಾಪೆಯಲ್ಲಿ ಆ ವಾಸನೆ. ಗಾಡಿಯಲ್ಲಿ ಸ್ವಲ್ಪ ದೂರ ಹೋದರೆ ಗಾಡಿಯಲ್ಲೂ ಅದೇ ವಾಸನೆ. 'ಕಳ್ಳ, ಇಲ್ಲಿಗೂ ನನಗಿಂತ ಮೊದಲೇ ಬಂದು ಹೋಗಿದ್ದಾನೆ' ಎಂದು ಹಲ್ಲು ಕಡಿದ. ಅಂಗಡಿ ಬಿಟ್ಟು ದಿನಗಳು ಕಳೆದಂತೆ ವಾಸನೆ ತೆಳುವಾಗುತ್ತ ಬಂತು. ಆಸಾಮಿ ಕೈತಪ್ಪಿ ದೂರ ಓಡುತ್ತಿದ್ದಾನೆಂದು ಇವನು ಇನ್ನೂ ಜೋರಾಗಿ ಹೆಜ್ಜೆ ಹಾಕಿದ. ಅತ್ತ ಹೆಂಡತಿ ಮನಸ್ಸು ತಡೆಯದೆ ವಾಪಸು ಬಂದಳು. ಬಾಗಿಲಿಗೆ ಬೀಗವಿತ್ತು. ಕತ್ತಲಾಗುವವರೆಗೂ ಜಗಲಿಯ ಮೇಲೆ ಕಾದು ಕೂತಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಪರ್ವತಯ್ಯನಿಗೆ ನಗು ತಡೆಯಲಾಗಲಿಲ್ಲ. "ಗುರುಗಳೇ, ಎಂಥ ದಡ್ಡ ಅವನು! ತನ್ನ ತೋಳನ್ನೊಮ್ಮೆ ಮೂಸಿ ನೋಡಬಾರದಿತ್ತೇ?"

"ಶಾಂತಿ ಬಂದಾಗ ಎಲ್ಲಿಂದ ಬಂದೆ ಎಂದು ಬಾಗಿಲಲ್ಲೇ ತಡೆದು ಕೇಳಿದೆಯಲ್ಲ ಮಗು, ಅನುಮಾನ ಬಂದಾಗ ಕೇಳಿದ್ದೆಯಾ?" ಎಂದರು ಗುರುಗಳು.

ಪರ್ವತಯ್ಯ ತಿರುಗಿ ತಾನು ಕಟ್ಟಿಟ್ಟ ಗಂಟನ್ನು ನೋಡಿದ.