ನೆಲ್ಲಿಬೆಂಗ್ರೆಯ ಒಪ್ಪುಗಲ್ಲು

ನೆಲ್ಲಿಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ನಡುವೆ ಒಂದು ಕರಿಬಂಡೆಯಿದೆ. ತೆಂಕಣ ದಡದಲ್ಲಿ ಇಗರ್ಜಿ, ಬಡಗಣ ದಡದಲ್ಲಿ ಮಸೀದಿ. ಎರಡೂ ಕಡೆಯವರು ಬಂಡೆಯನ್ನು ಒಪ್ಪುಗಲ್ಲು ಎಂದೇ ಕರೆಯುತ್ತಾರೆ. ಎರಡು ಊರುಗಳು ಎಂದೋ ಒಪ್ಪಂದ ಮಾಡಿಕೊಂಡ ಜಾಗವೆಂದು ಹೊಸಬರು ತಿಳಿಯುವುದುಂಟು. ಸಂಗತಿ ಅದಲ್ಲ ಎನ್ನುತ್ತಾರೆ ಅಲ್ಲಿನ ಹಿರಿಯರು.

ಹಿಂದೆ ಒಮ್ಮೆ, ಅಳಿವೆಗೆ ಸೇತುವೆಯಿಲ್ಲದ ಕಾಲದಲ್ಲಿ, ಇಗರ್ಜಿಯ ಗಂಟೆ ಬಾರಿಸುವ ಇನಾಸ ಪೊರ್ಬು ಎಂಬವನು ಪೊಡಿಯಬ್ಬ ಬ್ಯಾರಿಯ ದೋಣಿಯಲ್ಲಿ ಹೊಳೆ ದಾಟುತ್ತಿದ್ದ. ಬೇರೆ ದೋಣಿ ಸಿಕ್ಕಿದ್ದರೆ ಅವನು ಇದನ್ನು ಹತ್ತುತ್ತಿರಲಿಲ್ಲ. ಹನ್ನೆರಡು ವರ್ಷಗಳಿಂದ ಆ ಅಂಬಿಗನ ಮುಖ ನೋಡಲು ಅಂಜುತ್ತಿದ್ದ. ನಡುಹೊಳೆಯಲ್ಲಿ ಕಡಲಿನಿಂದ ಎದ್ದು ಬಂದ ತೆರೆಯೊಂದು ದೋಣಿಯನ್ನು ಮಗುಚಿ ಹಾಕಿತು. ಈಜು ಬಾರದ ಇನಾಸನನ್ನು ಪೊಡಿಯಬ್ಬ ಕೊರಳಪಟ್ಟಿ ಹಿಡಿದು ಎಳೆದು ಬಂಡೆಗೆ ಹತ್ತಿಸಿದ. ಮಟಮಟ ಮಧ್ಯಾಹ್ನ, ಎರಡು ದಡಗಳಲ್ಲೂ ನರಪಿಳ್ಳೆಯಿಲ್ಲ. ಉಬ್ಬರ ಏರುತ್ತಿತ್ತು.

ನೀರು ಮೊಣಕಾಲು ಮುಟ್ಟಿದಾಗ ಇನಾಸನ ಹಲ್ಲುಗಳು ಕಟಕಟ ಎನ್ನತೊಡಗಿದವು. "ಬ್ಯಾರಿಗಳೇ, ಸಾಯುವ ಮೊದಲು ಪಾಪವನ್ನು ನೀವು ಯಾರಲ್ಲಿ ಹೇಳಿಕೊಳ್ಳುತ್ತೀರಿ?" ಎಂದು ಕೇಳಿದ.

"ಅಲ್ಲಾಹನೊಬ್ಬನಲ್ಲೇ, ಪೊರ್ಬುಗಳೇ. ನಡುವೆ ಯಾರೂ ಇಲ್ಲ. ಕಡೆಯ ದಿನ ಮಾಡಿದ್ದನ್ನೆಲ್ಲ ತೂಗುತ್ತಾನೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವಂತಿಲ್ಲ. ಅವನು ಕರುಣೆ ತೋರಿದರೆ ಉಂಟು, ಇಲ್ಲದಿದ್ದರೆ ಇಲ್ಲ."

"ನಮ್ಮ ಹೊರೆಯನ್ನು ದೇವರ ಮಗ ಶಿಲುಬೆಯ ಮೇಲೆ ಹೊತ್ತ. ಅದನ್ನು ನಂಬಿಯೇ ನಾವು ಸಾಯುವುದು," ಎಂದ ಇನಾಸ.

"ದೇವರಿಗೆ ಮಗನೆಂಬ ಮಾತು ನನ್ನ ಬಾಯಲ್ಲಿ ಬಾರದು. ನೀವು ಹೇಳುವವರು ನಮಗೆ ಈಸಾ ನಬಿ, ಅವರ ಹೆಸರಿಗೆ ನಾವೂ ಸಲಾಂ ಹೇಳುತ್ತೇವೆ. ನನ್ನ ತಪ್ಪಿಗೆ ಅವರೇಕೆ ಸಾಯಬೇಕು? ಅದಿರಲಿ, ಹೊತ್ತವರಿದ್ದ ಮೇಲೆ ನಿಮಗೆ ಇಷ್ಟು ನಡುಕ ಏಕೆ?"

ಹನ್ನೆರಡು ವರ್ಷಗಳ ಹಿಂದೆ ಇನಾಸ ಇಗರ್ಜಿಯ ಬಾಗಿಲಿಗೆ ಬೀಗ ಹಾಕಲು ಮರೆತಿದ್ದ. ಬೆಳ್ಳಿಯ ದೀಪ ಕಳುವಾಯಿತು. ತಪ್ಪು ತನ್ನ ಮೇಲೆ ಬರಬಾರದೆಂದು, ಪೊಡಿಯಬ್ಬನ ತಮ್ಮ ಹಸನಬ್ಬ ಒಳಗಿನಿಂದ ಬಂದುದನ್ನು ಕಂಡೆನೆಂದು ಆಣೆಯಿಟ್ಟು ಹೇಳಿದ್ದ. ಹಸನಬ್ಬನನ್ನು ಊರಿನಿಂದ ಓಡಿಸಿದರು. ಇನಾಸ ಅದನ್ನು ಪಾದ್ರಿಗಳಲ್ಲಿ ಕೂಡ ಹೇಳಿಕೊಂಡಿರಲಿಲ್ಲ. ಈಗ ನೀರು ಸೊಂಟಕ್ಕೆ ಬಂದಿತ್ತು. ಹೇಳಿದರೆ ತನ್ನನ್ನು ಹಿಡಿದು ನಿಲ್ಲಿಸಿರುವ ಪೊಡಿಯಬ್ಬನ ಕೈ ಬಿಟ್ಟುಹೋಗುತ್ತದೆ. ಹೇಳದೆ ಸತ್ತರೆ ಮುಂದೆ ನರಕ. ಎರಡು ಭಯಗಳ ನಡುವೆ ಸಿಕ್ಕಿಕೊಂಡು, ಕೊನೆಗೆ ಕಣ್ಣು ಮುಚ್ಚಿ ತಪ್ಪನ್ನೆಲ್ಲ ಒಪ್ಪಿಕೊಂಡುಬಿಟ್ಟ.

ಹಿಡಿತ ಸಡಿಲಿತು. ಇನಾಸ ಜಾರಿ, ಉಪ್ಪುನೀರು ಕುಡಿದು, ಕಾಲಿಗೆ ಕಲ್ಲು ಸಿಗದೆ ಒದ್ದಾಡಿದ. ಆಮೇಲೆ ಅದೇ ಕೈ ಅವನ ಕೂದಲು ಹಿಡಿದು ಮೇಲೆತ್ತಿತು. ಪೊಡಿಯಬ್ಬ ಅಳುತ್ತಿದ್ದ.

"ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ ಮನ್ನಿಸಿಯಾನು. ತಮ್ಮನಿಗೆ ಮಾಡಿದ್ದನ್ನು ಮೊದಲು ತಮ್ಮನೇ ಮನ್ನಿಸಬೇಕು. ನೀವಿಲ್ಲಿ ಸತ್ತರೆ ಅವನನ್ನು ಕೇಳುವವರು ಯಾರು?"

"ನಮ್ಮ ಪಾದ್ರಿಗಳೂ ಅದನ್ನೇ ಹೇಳುತ್ತಾರೆ," ಎಂದ ಇನಾಸ ಕೆಮ್ಮುತ್ತ, "ನಾನೇ ಕೇಳಿಸಿಕೊಳ್ಳಲಿಲ್ಲ."

ಎದೆಮಟ್ಟಕ್ಕೆ ಬಂದ ನೀರು ಅಲ್ಲೇ ನಿಂತಿತು. ಸಂಜೆ ಮೀನುಗಾರರು ಇಬ್ಬರನ್ನೂ ದಡ ಸೇರಿಸಿದರು. ಇನಾಸ ಮನೆಗೆ ಹೋಗಲಿಲ್ಲ. ಇಗರ್ಜಿಯ ಅಂಗಳದಲ್ಲೂ ಮಸೀದಿಯ ಮುಂದೆಯೂ ನಿಂತು ನಡೆದುದನ್ನು ಹೇಳಿ, ಹಸನಬ್ಬನನ್ನು ಹುಡುಕಿಕೊಂಡು ಬಡಗು ದಿಕ್ಕಿಗೆ ನಡೆದ. ಯಾವುದೋ ಬಂದರಿನಲ್ಲಿ ಹಸನಬ್ಬನನ್ನು ಕಂಡನೆಂದು ಕೆಲವರು, ಅವನ ಗೋರಿ ಮಾತ್ರ ಸಿಕ್ಕಿತೆಂದು ಕೆಲವರು. ಇನಾಸ ಮರಳಿ ಬರಲಿಲ್ಲವೆಂಬುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಇಂದು ಉಬ್ಬರದ ಹೊತ್ತಿನಲ್ಲಿ ಸೇತುವೆಯ ಮೇಲೆ ನಿಂತವರಿಗೆ, ಇಬ್ಬರು ಅಂಟಿಕೊಂಡು ನಿಲ್ಲುವಷ್ಟು ಕಲ್ಲು ಕಾಣುತ್ತದೆ. ನೋಡುತ್ತಿದ್ದಂತೆಯೇ ಅದರ ಮೇಲೂ ನೀರು ಹರಿಯುತ್ತದೆ.