ಮೊಟ್ಟೆಯ ಬಿಳಿ ಹಳದಿಯನ್ನು ಅಪ್ಪಿಕೊಂಡದ್ದು ಏಕೆ

ಭೂಮಿ ಇನ್ನೂ ಹೊಸದಾಗಿತ್ತು, ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ಮೊಟ್ಟೆಯೊಳಗೆ ಬಿಳಿ ಲೋಳೆ ಇರಲಿಲ್ಲ, ನನ್ನ ಮೊಮ್ಮಗಳೇ ಹುಲಿಗೆಮ್ಮ. ಚಿಪ್ಪು ಒಡೆದರೆ ಹಳದಿ ಮಾತ್ರ.

ಹಳದಿ ಎಂದರೆ ಮರಿಯ ಬುತ್ತಿ. ಹೊರಗೆ ಬರುವ ತನಕ ಮರಿ ಉಣ್ಣಬೇಕಲ್ಲ, ಅದಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯಲ್ಲಿ ಒಂದಿಷ್ಟು ಕಬ್ಬಿಣವೂ ಇರುತ್ತದೆ. ಸಲಿಕೆಯಲ್ಲಿರುವ ಕಬ್ಬಿಣವೇ, ಆದರೆ ಕಣ್ಣಿಗೆ ಕಾಣದಷ್ಟು ಪುಡಿ. ಅದಿಲ್ಲದೆ ಮರಿಯ ರಕ್ತ ಕೆಂಪಾಗುವುದಿಲ್ಲ.

ಆ ಕಾಲದಲ್ಲಿ ಒಂದು ಕಂದು ಕೋಳಿ ಇತ್ತು. ಅದಕ್ಕೆ ಒಂದೇ ಆಸೆ. ತನ್ನ ರೆಕ್ಕೆಯ ಕೆಳಗೆ ಒಂದು ಮರಿ ಚಿಂವ್ ಎನ್ನಬೇಕು.

ಅದು ಮೊಟ್ಟೆ ಇಟ್ಟಿತು, ಕಾವಿಗೆ ಕೂತಿತು. ಕಾವು ಎಂದರೆ ಮೈಯ ಬಿಸಿ ಕೊಡುತ್ತ ಮೊಟ್ಟೆ ಬಿಟ್ಟು ಏಳದೆ ಕೂರುವುದು. ಇಪ್ಪತ್ತೊಂದು ದಿನ ಕೂರಬೇಕು. ಹತ್ತನೆಯ ದಿನಕ್ಕೆ ಮೊಟ್ಟೆ ಕೆಟ್ಟು ನಾರಿತು. ಮತ್ತೆ ಇಟ್ಟಿತು, ಮತ್ತೆ ಕೂತಿತು, ಮತ್ತೆ ನಾರಿತು. ಕೊನೆಗೆ ಮೊಟ್ಟೆ ಇಲ್ಲದಿದ್ದರೂ ಗೂಡಿನಲ್ಲೇ ಕೂತಿರುತ್ತಿತ್ತು, ರೆಕ್ಕೆ ಅಗಲಿಸಿಕೊಂಡು, ಕೆಳಗೆ ಯಾರೋ ಇದ್ದಾರೆ ಎನ್ನುವ ಹಾಗೆ.

ಏನು ಮಾಡಲಿ ಎಂದು ಹೊಳೆಯನ್ನು ಕೇಳಿತು. ತೊಳೆದು ನೋಡು ಎಂದಿತು ಹೊಳೆ. ತೊಳೆದ ಮೊಟ್ಟೆ ಇನ್ನೂ ಬೇಗ ಕೆಟ್ಟಿತು. ಚಿಪ್ಪಿನಲ್ಲಿ ಸೂಜಿಮೊನೆಗಿಂತ ಸಣ್ಣ ತೂತುಗಳಿವೆ, ಮರಿ ಉಸಿರಾಡಲಿ ಎಂದು. ತೊಳೆದರೆ ಆ ತೂತುಗಳ ಮೇಲಿನ ತೆಳುವಾದ ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ನಿನ್ನೆ ನೀನು ಕಾವಿನ ಮೊಟ್ಟೆ ತೊಳೆಯಲು ಹೋದೆಯಲ್ಲ, ಅದಕ್ಕೇ ನಾನು ಬೇಡ ಅಂದದ್ದು.

ಆಮೇಲೆ ಕೋಳಿ ಗಾಳಿಯನ್ನು ಕೇಳಿತು.

"ತಪ್ಪು ನಂದೇ ಅವ್ವಾ" ಎಂದಿತು ಗಾಳಿ.

ಅದು ಹೇಳಿದ್ದು ಹೀಗೆ. ಬಹಳ ಹಿಂದೆ ಕಬ್ಬಿಣ ಕಡಲ ನೀರಿನಲ್ಲಿ ಉಪ್ಪಿನ ಹಾಗೆ ಕರಗಿತ್ತು. ಆ ಕಡಲಲ್ಲಿ ಸಣ್ಣವರು ಇದ್ದರು. ಸಣ್ಣವರು ಎಂದರೆ ಇರುವೆಯಲ್ಲ, ಇರುವೆಯ ಕಾಲಿಗೆ ಮೆತ್ತಿದ ಧೂಳಿಗಿಂತ ಸಣ್ಣವರು. ನಿಮ್ಮ ಟೀಚರ್ ಬ್ಯಾಕ್ಟೀರಿಯಾ ಅನ್ನುತ್ತಾರಲ್ಲ, ಅವರೇ. ಅವರಿಗೆ ಎಲ್ಲಿ ನೋಡಿದರೂ ಕಬ್ಬಿಣ. ಕಬ್ಬಿಣಕ್ಕೂ ಅವರದೇ ಜೊತೆ. ಒಂದು ದಿನ ಗಾಳಿ ಬಂದು ಕಬ್ಬಿಣವನ್ನು ಮುಟ್ಟಿತು, ಸುಮ್ಮನೆ, ಆಟಕ್ಕೆ. ಮುಟ್ಟಿದ್ದೇ ತಡ, ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತುಬಿಟ್ಟಿತು. ಆ ತುಕ್ಕೇ ಈಗ ನಮ್ಮೂರಿನ ಕೆಂಪು ಗುಡ್ಡ.

ಸಣ್ಣವರು ಮರೆಯಲಿಲ್ಲ. ಸಣ್ಣ ಸಣ್ಣ ಕೈಗಳನ್ನು ಮಾಡಿ ಕಬ್ಬಿಣ ಹುಡುಕಲು ಕಳಿಸಿದರು. ಮೈಗೆ ಅಂಟಿದ ಕೈಯಲ್ಲ ಅದು. ಮೈ ಬಿಟ್ಟು ಹೋಗಿ, ಸಿಕ್ಕ ಕಬ್ಬಿಣವನ್ನು ಹಿಡಿದುಕೊಂಡು, ತಿರುಗಿ ಮನೆಗೆ ಬರುವ ಕೈ.

"ಕೈ ಅಂದಮೇಲೆ ಬಳೇನೂ ಇರ್ತಾವೇನಜ್ಜಿ?" ಅನ್ನುತ್ತೀಯಾ. ನಗು, ನಗು. ಬಳೆ ಇಲ್ಲ. ಬಳೆ ಇದ್ದಿದ್ದರೆ ಸದ್ದಾಗುತ್ತಿತ್ತು, ಕೋಳಿಗೆ ಗೊತ್ತಾಗುತ್ತಿತ್ತು.

ಆ ಕೈಗಳು ಚಿಪ್ಪಿನ ತೂತಿನೊಳಗೆ ತೂರಿ ಹಳದಿಯ ಕಬ್ಬಿಣವನ್ನು ತಂದುಕೊಟ್ಟರೆ ಸಣ್ಣವರು ಉಣ್ಣುತ್ತಾರೆ. ಉಂಡರೆ ಒಬ್ಬರು ಇಬ್ಬರಾಗುತ್ತಾರೆ, ಇಬ್ಬರು ಸಾವಿರವಾಗುತ್ತಾರೆ. ಮರಿಗೆ ರೋಗ ಬರುವುದು, ಮೊಟ್ಟೆ ನಾರುವುದು ಹಾಗೆ. ಅವರಿಗೆ ಮರಿಯ ಮೇಲೆ ಸಿಟ್ಟೇನಿಲ್ಲ. ಕಬ್ಬಿಣ ಬೇಕು, ಅಷ್ಟೆ.

ಕೋಳಿ ಕೆಂಪು ಗುಡ್ಡದ ಕಡೆ ನಡೆಯಿತು. ಗುಡ್ಡದ ಬುಡದ ಮಣ್ಣಿನಲ್ಲಿ ಸಣ್ಣವರ ಎರಡು ಮನೆತನ ಅಕ್ಕಪಕ್ಕ ಇದ್ದವು. ಕೋಳಿ ನೆಲಕ್ಕೆ ಕಿವಿಯಿಟ್ಟು ಕೇಳಿತು.

"ನಿನ್ನ ಕೈ ಸಡಿಲ ಕಣೋ" ಎಂದು ಒಬ್ಬ ಇನ್ನೊಬ್ಬನನ್ನು ಹಂಗಿಸುತ್ತಿದ್ದ. "ನೀ ಹಿಡಿದದ್ದನ್ನೂ ನನ್ನ ಕೈ ಕಿತ್ತುಕೊಂಡು ಬರ್ತದೆ. ನೀ ಅಲ್ಲೇ ಬಾಯಿ ಬಿಟ್ಕೊಂಡು ಕೂತಿರು."

ಸಡಿಲ ಕೈಯವನ ಮನೆತನ ಹಸಿದು, ಬೆಳೆಯದೆ, ಇದ್ದಷ್ಟೇ ಉಳಿದಿತ್ತು. ಯಾರೂ ಅವರನ್ನು ಕಚ್ಚಿರಲಿಲ್ಲ, ಕುಕ್ಕಿರಲಿಲ್ಲ. ಪಕ್ಕದ ಮನೆತನ ಕಬ್ಬಿಣವನ್ನು ಅವರಿಗಿಂತ ಗಟ್ಟಿಯಾಗಿ ಹಿಡಿದದ್ದಷ್ಟೆ.

ಕೋಳಿಗೆ ಅರ್ಥವಾಯಿತು. ನನಗೂ ಅಂಥ ಗಟ್ಟಿ ಕೈ ಬೇಕು, ಎಲ್ಲಿ ಸಿಗುತ್ತದೆ ಎಂದು ಗುಡ್ಡವನ್ನು ಕೇಳಿತು.

"ಅವರ ಕೈ ಯಾತರಿಂದ ಆಗಿದೆ ಗೊತ್ತೇನು?" ಎಂದಿತು ಗುಡ್ಡ. "ಕೈಬಿಟ್ಟು ಹೋದದ್ದು ಬೇಕು ಬೇಕು ಅನ್ನೋ ಆಸೆಯಿಂದ. ಅದು ನಿನ್ನ ಹತ್ರ ಇಲ್ಲವೇನವ್ವಾ?"

ಕೋಳಿ ತಿರುಗಿ ಬಂತು. ಬರಿಗೂಡಿನಲ್ಲಿ ರೆಕ್ಕೆ ಅಗಲಿಸಿ ಕೂತಿತು. ಇಷ್ಟು ದಿನ ಯಾರೂ ಇಲ್ಲದ ಜಾಗವನ್ನು ಅಪ್ಪಿಕೊಂಡಿತ್ತಲ್ಲ, ಆ ಅಪ್ಪುಗೆಯೇ ಮೆಲ್ಲಗೆ ಅದರ ಹೊಟ್ಟೆಯೊಳಗೆ ಇಳಿಯಿತು. ಇಳಿದು ಲೋಳೆಯಾಯಿತು. ಮುಂದಿನ ಮೊಟ್ಟೆಯಲ್ಲಿ ಹಳದಿಯ ಸುತ್ತ ಆ ಲೋಳೆ ಇತ್ತು. ಅದರ ತುಂಬ ಖಾಲಿ ಕೈಗಳು.

ಎಂದಿನಂತೆ ಸಣ್ಣವರು ತೂತಿನಿಂದ ಬಂದರು. ತಮ್ಮ ಕೈಗಳನ್ನು ಕಳಿಸಿದರು. ಕಬ್ಬಿಣದ ಒಂದು ಚೂರು ಅಲುಗಿದರೂ ಲೋಳೆಯ ಕೈ ಮೊದಲೇ ಹಿಡಿದಿರುತ್ತಿತ್ತು. ಹೋದ ಕೈಗಳೆಲ್ಲ ಬರಿದಾಗಿ ಮರಳಿದವು.

"ಬಿಡು" ಎಂದರು ಸಣ್ಣವರು. "ಅದು ನಮ್ಮ ಜೊತೆ ಕಡಲಲ್ಲಿತ್ತು."

"ಗೊತ್ತಪ್ಪಾ" ಎಂದಿತು ಕೋಳಿ ಮೇಲಿನಿಂದ. "ನಿಮ್ಮ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಾನೂ ಒಬ್ಬರಿಗಾಗಿ ಕಾಯ್ತಿದ್ದೀನಿ."

ಹತ್ತನೆಯ ದಿನ ಮೊಟ್ಟೆ ನಾರಲಿಲ್ಲ. ಹದಿನೈದನೆಯ ದಿನವೂ ನಾರಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಚಿಪ್ಪು ಟಕ್ ಎಂದಿತು. ಒದ್ದೆ ಮೈಯ ಒಂದು ಮರಿ ರೆಕ್ಕೆಯ ಕೆಳಗೆ ತಲೆ ತೂರಿಸಿ ಚಿಂವ್ ಎಂದಿತು. ಕೋಳಿ ಆ ದಿನವೆಲ್ಲ ಮೇವಿಗೂ ಏಳಲಿಲ್ಲ.

ಸಣ್ಣವರು ಇವತ್ತಿಗೂ ಹುಡುಕುತ್ತಲೇ ಇದ್ದಾರೆ, ಮಣ್ಣಿನಲ್ಲಿ, ನೀರಿನಲ್ಲಿ, ನಿನ್ನ ತರಚಿದ ಮೊಣಕಾಲಿನ ಮೇಲೆ. ನಿನ್ನ ರಕ್ತದಲ್ಲೂ ಕಬ್ಬಿಣವನ್ನು ಬಿಗಿಹಿಡಿದ ಕೈಗಳಿವೆ, ಹೆದರಬೇಡ. ಆದರೂ ಗಾಯ ತೊಳೆದುಕೋ. ಮೊಟ್ಟೆಯನ್ನಲ್ಲ, ಗಾಯವನ್ನು.

ಅದಕ್ಕೇ ನೋಡು, ಬಟ್ಟಲಿಗೆ ಮೊಟ್ಟೆ ಒಡೆದಾಗ ಬಿಳಿ ಲೋಳೆ ನೀರಿನ ಹಾಗೆ ಹರಿದು ಹೋಗದೆ ಹಳದಿಯನ್ನು ತಬ್ಬಿಕೊಂಡೇ ಬೀಳುತ್ತದೆ, ನಿನ್ನ ಬೆರಳು ತಾಕಿದರೆ ಮರಿಯೇ ಸಿಕ್ಕಿತೆಂದು ಬೆರಳನ್ನೂ ಬಿಡದೆ ಹಿಡಿದುಕೊಳ್ಳುತ್ತದೆ.