ಹಪ್ಪಳದವಳಿಗೆ ಒಳಗೇನು ಕೆಲಸ?

ನಮ್ಮ ಬಡಾವಣೆಗೆ ಒಬ್ಬಾಕೆ ಹಪ್ಪಳ ಮಾರಲು ಬರುತ್ತಿದ್ದಳು. ಒಂಟಿಯಾಗಿದ್ದ ನಿವೃತ್ತ ಬಸ್ ಡಿಪೋ ಮ್ಯಾನೇಜರ್ ವಿರೂಪಾಕ್ಷಯ್ಯನವರು ದಿನಾ ಒಂದು ಕಟ್ಟು ಹಪ್ಪಳ ಕೊಂಡು ಮೂರು ಕಟ್ಟಿನ ದುಡ್ಡು ಕೊಡುತ್ತಿದ್ದರು. ಹೆಚ್ಚಿನ ದುಡ್ಡು ಅವಳು ಕೂತು ಅವರ ಮಾತು ಕೇಳಿದ್ದಕ್ಕೆ. ಮಾತಾಡಲು ಜನ ಇಲ್ಲ ಅಂತ ಹೇಳಿಕೊಳ್ಳಲು ಅವರಿಗೆ ನಾಚಿಕೆ. ಅದಕ್ಕೇ ಹಪ್ಪಳದ ನೆಪ.

ಬಡಾವಣೆ ಸಂಘದ ಕಾರ್ಯದರ್ಶಿ ಪಂಪಾಪತಿಗೆ ಅನುಮಾನ ಬಂತು. ಗೇಟಿನ ಹತ್ತಿರ ನಾಲ್ಕು ಜನರ ಎದುರು ಅವಳನ್ನು ತಡೆದ.

"ಹಪ್ಪಳ ಮಾರೋಕೆ ಅಷ್ಟು ಹೊತ್ತು ಒಳಗೇನು ಕೆಲಸ? ನಿಜವಾಗಿ ಏನು ಮಾರ್ತೀಯ ನೀನು? ನಾಳೆಯಿಂದ ಯಾರ ಮನೆ ಹೊಸ್ತಿಲೂ ದಾಟಕೂಡದು!"

ಅವಳು ತಲೆ ತಗ್ಗಿಸಲಿಲ್ಲ. "ಆಗಲಿ ಸ್ವಾಮಿ" ಅಂದಳು.

ಮರುದಿನ ಬಾಗಿಲಲ್ಲೇ ಹಪ್ಪಳ ಕೊಟ್ಟು ವಿರೂಪಾಕ್ಷಯ್ಯನವರಿಗೆ ಹೇಳಿದಳು: "ಇನ್ನು ನಾನು ಕೂರೋ ಹಾಗಿಲ್ಲ ಯಜಮಾನ್ರೇ. ಇಲ್ಲಿ ನಡೆಯೋ ಮಾತೆಲ್ಲಾ ತಿಳ್ಕೋಬೇಕು ಅಂತ ಪಂಪಾಪತಿಯವರಿಗೆ ಬಹಳ ಆಸೆ. ಅವರ ಮನೆಗೇ ಹೋಗಿ."

ಹೋದರು. ತಿಂಡಿ ಹೊತ್ತಿಗೆ ಕೂತು, ತಾವು ಹಿಂದೆ ಧರ್ಮಸ್ಥಳಕ್ಕೆ ಬಿಟ್ಟ ವಿಶೇಷ ಬಸ್ಸಿನ ಕಥೆ ತೆಗೆದರು. ಊಟದ ಹೊತ್ತಾದರೂ ಬಸ್ಸು ಡಿಪೋ ಬಿಟ್ಟಿರಲಿಲ್ಲ. ದಿನಾ ಇದೇ ಆಯಿತು.

ವಾರ ಕಳೆಯುವಷ್ಟರಲ್ಲಿ, ಹಪ್ಪಳದವಳು ಬರುವುದನ್ನೇ ಕಾದು ಪಂಪಾಪತಿ ಗೇಟಿಗೆ ಓಡಿಬಂದ. "ಒಳಗೆ ಬನ್ನಿ ತಾಯಿ! ಅವರ ಮನೇಲಿ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ!"

ಅವಳು ಕದಲಲಿಲ್ಲ. "ನಾಲ್ಕು ಜನರ ಎದುರು ಕೇಳಿದ್ರಿ. ಈಗ ನಾಲ್ಕು ಜನರ ಎದುರೇ ಹೇಳಿ, ನಾನು ಏನು ಮಾರ್ತೀನಿ?"

ಅಷ್ಟರಲ್ಲಿ ಪಂಪಾಪತಿಯ ಜಗಲಿಯಿಂದ ವಿರೂಪಾಕ್ಷಯ್ಯನವರ ದನಿ ಬಂತು: "ಎಲ್ಲಿ ಹೋದ್ರಿ ಪಂಪಾಪತಿಯವರೇ? ಕಂಡಕ್ಟರ್ ಈಗ ತಾನೇ ಹತ್ತಿದ!"

ಪಂಪಾಪತಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಹಪ್ಪಳ ತಾಯಿ! ಬರೀ ಹಪ್ಪಳ!"